200 ಪ್ರಶ್ನೆ, ಮೂರು ದಾರಿ: ಸ್ಕ್ರೀನ್ ರೀಡರ್ ಕಿವಿಗೆ ಹಾಕಿಕೊಂಡು ಓದಿ ನೋಡಿದ್ದು

ನನಗೆ ಕಣ್ಣು ಕಾಣುವುದಿಲ್ಲ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಪರದೆ ಮೇಲಿರುವುದನ್ನು ಇವು ಓದಿ ಹೇಳುತ್ತವೆ. ಆದರೆ ಆ್ಯಪ್ ಮಾಡಿದವರು ಹೆಸರು ಬರೆಯದೆ ಬಿಟ್ಟ ಬಟನ್ನಿಗೆ ಇವೂ ಹೆಸರು ಹುಟ್ಟಿಸಲಾರವು.

ಕರ್ನಾಟಕ ಇತಿಹಾಸವನ್ನೇ ಇಟ್ಟುಕೊಂಡು ಮೂರು ದಾರಿ ನೋಡಿದೆ. ಒಂದೊಂದಕ್ಕೂ ಒಂದು ತಿಂಗಳು, 200 ಪ್ರಶ್ನೆ. ಮೊದಲನೆಯದು ದುಡ್ಡು ಕಟ್ಟಿ ತೆಗೆದುಕೊಂಡ ಒಂದು ಕೋಚಿಂಗ್ ಆ್ಯಪ್. ಎರಡನೆಯದು ಆಂಕಿ ಎಂಬ, ಪ್ರಶ್ನೋತ್ತರದ ಕಾರ್ಡು ತೋರಿಸುವ ಆ್ಯಪ್. ಮೂರನೆಯದು ತಂಗಿ ಟೈಪ್ ಮಾಡಿಕೊಟ್ಟ ಬ್ರೌಸರ್‌ನಲ್ಲಿ ತೆರೆಯುವ ಒಂದು ಸಾದಾ ಎಚ್‌ಟಿಎಂಎಲ್ ಫೈಲು. ನಾನು ಮುಖ್ಯವಾಗಿ ಎಣಿಸಿದ್ದು ಒಂದನ್ನು: ಪ್ರಶ್ನೆಯಿಂದ ಉತ್ತರ ಮುಟ್ಟಲು ಬೆರಳಿಗೆ ಎಷ್ಟು ಕೆಲಸ?

ಕೋಚಿಂಗ್ ಆ್ಯಪ್‌ನಲ್ಲಿ ಪಾಠ ಹೇಳುವವರು ಚೆನ್ನಾಗಿದ್ದಾರೆ. ವಿಡಿಯೊ ಕೇಳಲು ಏನೂ ತೊಂದರೆ ಇಲ್ಲ. ತಾಪತ್ರಯ ಇರುವುದು ಅಣಕು ಪರೀಕ್ಷೆಯಲ್ಲಿ. ಟಾಕ್‌ಬ್ಯಾಕ್‌ನಲ್ಲಿ ಬೆರಳನ್ನು ಬಲಕ್ಕೆ ಸರಿಸಿದರೆ ಒಂದೊಂದೇ ಅಂಶ ಮುಂದಕ್ಕೆ ಹೋಗುತ್ತದೆ. ಇಲ್ಲಿ ಸರಿಸಿದಷ್ಟೂ 'ಅನ್‌ಲೇಬಲ್ಡ್ ಬಟನ್', 'ಅನ್‌ಲೇಬಲ್ಡ್ ಬಟನ್'. ಯಾವುದು ಮುಂದಿನ ಪ್ರಶ್ನೆ, ಯಾವುದು ಪರೀಕ್ಷೆ ಮುಗಿಸುವುದು, ದೇವರೇ ಬಲ್ಲ. ಒಮ್ಮೆ ಏಳನೇ ಪ್ರಶ್ನೆಗೇ ಪರೀಕ್ಷೆ ಮುಗಿಸಿಬಿಟ್ಟೆ. ಒಂದು ಪ್ರಶ್ನೆಗೆ ಸರಾಸರಿ 14 ಸಲ ಬೆರಳು ಸರಿಸಬೇಕಾಯಿತು. ನೂರು ಪ್ರಶ್ನೆಯ ಪರೀಕ್ಷೆಗೆ 1,400 ಸಲ. ಇತಿಹಾಸ ಓದಿದ್ದಕ್ಕಿಂತ ಬೆರಳಿನ ವ್ಯಾಯಾಮವೇ ಜಾಸ್ತಿ.

ಇನ್ನು ಆ ಗಡಿಯಾರ. ಪ್ರತಿ ಸೆಕೆಂಡೂ ತಾನಾಗಿಯೇ ಮಾತಾಡುತ್ತದೆ. 'ಕದಂಬರ ರಾಜಧಾನಿ... ಇಪ್ಪತ್ತೊಂಬತ್ತು ನಿಮಿಷ ಐವತ್ತೆಂಟು ಸೆಕೆಂಡು... ಯಾವುದು... ಐವತ್ತೇಳು ಸೆಕೆಂಡು.' ಬನವಾಸಿ ಎನ್ನುವುದು ಗೊತ್ತಿದ್ದರೂ ಆ ಗಲಾಟೆಯಲ್ಲಿ ಮರೆತುಹೋಗುತ್ತದೆ. ಐದು ನಿಮಿಷ ಉಳಿದಾಗ ಒಮ್ಮೆ ಹೇಳಿದರೆ ಸಾಕಲ್ವಾ? ಸಮಯವನ್ನು ಹೆಚ್ಚಿಸಿಕೊಳ್ಳಲೂ ಅಲ್ಲಿ ಜಾಗವಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ, ಬರೆಯಲು ಸಹಾಯಕರನ್ನು ಇಟ್ಟುಕೊಳ್ಳುವ ನಮ್ಮಂಥವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಿಗಬೇಕು. ಆ ಲೆಕ್ಕದಲ್ಲಿ ಅಭ್ಯಾಸ ಮಾಡೋಣ ಎಂದರೆ ಆ್ಯಪ್ 60 ನಿಮಿಷಕ್ಕೇ ಬಾಗಿಲು ಹಾಕುತ್ತದೆ.

ಉತ್ತರ ಒತ್ತಿದ ಮೇಲೆ ಇನ್ನೂ ಮಜಾ. ಕಿವಿಗೆ ಏನೂ ಕೇಳುವುದಿಲ್ಲ. ತಂಗಿಯನ್ನು ಕರೆದೆ. "ಅಣ್ಣ, ಹಸಿರು ಬಂದಿದೆ, ಸರಿಯಾಗಿದೆ ಬಿಡು" ಎಂದಳು. ಸರಿ ಆದರೆ ಹಸಿರು, ತಪ್ಪಾದರೆ ಕೆಂಪು, ಅಷ್ಟೇ. ಬಣ್ಣವೊಂದರಿಂದಲೇ ವಿಷಯ ಹೇಳಬೇಡಿ ಎಂದು ವೆಬ್ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ತನ್ನ ಮೊದಲ ಮಾರ್ಗಸೂಚಿಯಲ್ಲೇ ಬರೆದಿತ್ತು. ಅದು 1999. ಸಹಾಯವಾಣಿಗೆ ಫೋನ್ ಮಾಡಿದೆ. ಹುಡುಗ ಪಾಪ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡ. ಕೊನೆಗೆ, "ಸರ್, ನಮ್ಮಲ್ಲಿ ಡಾರ್ಕ್ ಮೋಡ್ ಇದೆ, ಟ್ರೈ ಮಾಡಿ" ಎಂದ. ನಾನು ಹುಟ್ಟಿದಾಗಿನಿಂದ ಡಾರ್ಕ್ ಮೋಡ್‌ನಲ್ಲೇ ಇದ್ದೇನಪ್ಪ ಎಂದೆ. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಆಂಕಿ ಬೇರೆ ಜಾತಿಯದು. ಪಾಠ ಇಲ್ಲ, ಮೇಷ್ಟ್ರು ಇಲ್ಲ. ಒಂದು ಕಾರ್ಡು: ಮುಂದೆ ಪ್ರಶ್ನೆ, ಹಿಂದೆ ಉತ್ತರ. ಮರೆತದ್ದನ್ನು ಬೇಗ ಮತ್ತೆ ಕೇಳುತ್ತದೆ, ನೆನಪಿರುವುದನ್ನು ದಿನಗಟ್ಟಲೆ ದೂರ ತಳ್ಳುತ್ತದೆ. ಸ್ಪೇಸ್ ಒತ್ತಿದರೆ ಉತ್ತರ, ಆಮೇಲೆ 1ರಿಂದ 4ರವರೆಗೆ ಒಂದು ಅಂಕಿ: ಮರೆತೆ, ಕಷ್ಟ, ಸರಿ, ಸುಲಭ. ಮೌಸ್ ಮುಟ್ಟುವ ಅಗತ್ಯವೇ ಇಲ್ಲ.

ಮೊದಲ ದಿನ ಮಾತ್ರ ತಲೆ ಕೆಟ್ಟಿತು. 3 ಒತ್ತಿದರೆ 'ಮೂರನೇ ಹಂತದ ಶೀರ್ಷಿಕೆ ಮುಂದಿಲ್ಲ' ಎಂದು ಇಂಗ್ಲಿಷಿನಲ್ಲಿ ಉತ್ತರ. ಅದು ಎನ್‌ವಿಡಿಎ ಮಾತು. ಪುಟ ಓದುವ ಬ್ರೌಸ್ ಮೋಡ್‌ನಲ್ಲಿ ಅಂಕಿಗಳನ್ನು ಅದು ಶೀರ್ಷಿಕೆ ಹುಡುಕಲು ಇಟ್ಟುಕೊಂಡಿರುತ್ತದೆ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಸ್ಪೇಸ್ ಒತ್ತಿ ಫೋಕಸ್ ಮೋಡ್‌ಗೆ ಬಂದರೆ ಅಂಕಿ ಆಂಕಿಗೆ ಸೇರುತ್ತದೆ. ಇದನ್ನು ಹೇಳಿಕೊಡುವವರು ಪಕ್ಕದಲ್ಲಿ ಒಬ್ಬರಿದ್ದರೆ ಐದು ನಿಮಿಷದ ಕೆಲಸ. ನನಗೆ ಎರಡು ದಿನ ಹಿಡಿಯಿತು. ಫೋನಿಗಾದರೆ ಆಂಕಿಡ್ರಾಯ್ಡ್ ಇದೆ. ಒಂದು ಬ್ಲೂಟೂತ್ ಕೀಬೋರ್ಡ್ ಜೋಡಿಸಿದೆ, ಅದೇ ಸ್ಪೇಸ್, ಅದೇ ಅಂಕಿ.

ಕಾರ್ಡು ತುಂಬುವುದೇ ದೊಡ್ಡ ಕೆಲಸ. ಎಕ್ಸೆಲ್‌ನಲ್ಲಿ ಎರಡು ಕಾಲಂ ಮಾಡಿ ಆಮದು ಮಾಡಿಕೊಳ್ಳಬಹುದು. ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಎಂಬುದನ್ನೇ ಆರಿಸಬೇಕು. ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ ಆಗಿಬಿಡುತ್ತದೆ.

ಇಲ್ಲೊಂದು ನಮ್ಮದೇ ಗೋಳು ಇದೆ. ಕೋಚಿಂಗ್ ನೋಟ್ಸ್ ಬಹಳಷ್ಟು ಹಳೆಯ ನುಡಿ ಫಾಂಟಿನ ಪಿಡಿಎಫ್. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. 'ಕನ್ನಡ' ಎಂಬ ಪದ ನನ್ನ ಕಿವಿಗೆ 'ಪಿ... ಪೌಂಡ್... ಕ್ಯೂ' ಎಂದು ಬೀಳುತ್ತದೆ. ನಿಜವಾಗಿಯೂ ಅದರೊಳಗೊಂದು ಪೌಂಡ್ ಚಿಹ್ನೆ ಕೂತಿರುತ್ತದೆ. ಸ್ಕ್ರೀನ್ ರೀಡರ್ ಓದಬಲ್ಲ ಯುನಿಕೋಡ್‌ಗೆ ಬದಲಾಯಿಸುವ ಸಾಧನಗಳಿವೆ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಆಮೇಲೆ ಒಮ್ಮೆ ತಿದ್ದಿಕೊಳ್ಳಬೇಕು. ಆ್ಯಪ್ ಎಷ್ಟೇ ಚೆನ್ನಾಗಿರಲಿ, ಒಳಗೆ ಈ ಕನ್ನಡ ತುಂಬಿದರೆ ಮುಗಿಯಿತು.

ಮೂರನೆಯದರ ಮೇಲೆ ನನಗೆ ಭರವಸೆಯೇ ಇರಲಿಲ್ಲ. ಆ್ಯಪ್ ಸಹವಾಸ ಸಾಕಾಗಿದ್ದ ತಂಗಿ ನೋಟ್‌ಪ್ಯಾಡ್‌ನಲ್ಲಿ ಕೂತು ಮಾಡಿದ್ದು. ಪ್ರಶ್ನೆ ಎರಡನೇ ಹಂತದ ಶೀರ್ಷಿಕೆ, ಕೆಳಗೆ ಮುಚ್ಚಿಟ್ಟ ಉತ್ತರ. ಫೈಲಿನ ತಲೆಯಲ್ಲಿ ಭಾಷೆ ಕನ್ನಡ ಎಂದು ಒಂದು ಗುರುತು. ಅದಿದ್ದರೆ ಎನ್‌ವಿಡಿಎ ತಾನಾಗಿಯೇ ಕನ್ನಡದ ದನಿಗೆ ಬದಲಾಗುತ್ತದೆ. ಎಚ್ ಒತ್ತಿದರೆ ಮುಂದಿನ ಪ್ರಶ್ನೆ. ಕೆಳಬಾಣ, ಎಂಟರ್, ಇನ್ನೊಮ್ಮೆ ಕೆಳಬಾಣ ಒತ್ತಿದರೆ ಉತ್ತರ. ನಾಲ್ಕೇ ನಾಲ್ಕು. ಇಂಟರ್ನೆಟ್ ಬೇಡ, ಜಾಹೀರಾತು ಇಲ್ಲ, ಗಡಿಯಾರ ಇಲ್ಲ. ಫೋನಿನಲ್ಲೂ ಟಾಕ್‌ಬ್ಯಾಕ್‌ನ ಶೀರ್ಷಿಕೆ ಆಯ್ಕೆ ಹಾಕಿಕೊಂಡು ಬೆರಳನ್ನು ಕೆಳಕ್ಕೆ ಎಳೆದರೆ ಸಾಕು.

ಕೊರತೆ ಒಂದೇ. ನಾನು ಏನು ಮರೆತೆ ಎನ್ನುವುದು ಇದಕ್ಕೆ ಗೊತ್ತಿಲ್ಲ. ಗೊತ್ತಿದ್ದನ್ನೇ ಸುಮ್ನೆ ಮತ್ತೆ ಮತ್ತೆ ಕೇಳುತ್ತಾ ಕೂರುತ್ತೇನೆ. ಪ್ರತಿ ತಿಂಗಳ ಕೊನೆಗೆ ತಂಗಿ ಬಾಯಲ್ಲಿ ಪ್ರಶ್ನೆ ಕೇಳಿದಳು. ಆಂಕಿಯಲ್ಲಿ ಓದಿದ್ದರಲ್ಲಿ 50ಕ್ಕೆ 44, ಫೈಲಿನಲ್ಲಿ ಓದಿದ್ದರಲ್ಲಿ 37, ಕೋಚಿಂಗ್ ಆ್ಯಪ್‌ನಲ್ಲಿ ಓದಿದ್ದರಲ್ಲಿ 29.

ಈಗ ನನ್ನ ಏರ್ಪಾಡು ಹೀಗಿದೆ. ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಒಂದು ಗಂಟೆ ಆಂಕಿ. ಬಸ್ಸಿನಲ್ಲಿ ತಂಗಿಯ ಫೈಲು, ಅಲ್ಲಿ ಕೀಬೋರ್ಡ್ ಬಿಚ್ಚಲು ಆಗುವುದಿಲ್ಲ. ಕೋಚಿಂಗ್ ಆ್ಯಪ್‌ನಲ್ಲಿ ವಿಡಿಯೊ ಮಾತ್ರ ಕೇಳುತ್ತೇನೆ, ಕಟ್ಟಿದ ದುಡ್ಡು ಮುಗಿಯುವವರೆಗೆ. ನೀವು ಯಾವುದಕ್ಕಾದರೂ ದುಡ್ಡು ಕಟ್ಟುವವರಿದ್ದರೆ ವಿಡಿಯೊ ನೋಡಿ ಮರುಳಾಗಬೇಡಿ. ಮೊದಲು ಡೆಮೊ ಪರೀಕ್ಷೆ ತೆರೆದು ಟಾಕ್‌ಬ್ಯಾಕ್‌ನಲ್ಲೇ ಮೂರು ಪ್ರಶ್ನೆ ದಾಟಿ, ಪರೀಕ್ಷೆ ಮುಗಿಸುವ ಬಟನ್ ಸಿಗುತ್ತದಾ ನೋಡಿ. ನಾನು ಕೂಪನ್ ಕೋಡ್ ಹುಡುಕುವುದರಲ್ಲಿ ಮುಳುಗಿದ್ದೆ.