ಹೆಸರು ಕಪ್ಪೆಯದು, ಕೆಲಸ ಜೇಡದ್ದು: ಸ್ಕ್ರೀಮಿಂಗ್ ಫ್ರಾಗ್ ಬಳಸಿ ನೋಡಿದ ಮೇಲೆ

“ಮೇಡಂ, ನಿಮ್ಮ ವಿಭಾಗದ ಜಾಲತಾಣದಲ್ಲಿ ಒಟ್ಟು ಎಷ್ಟು ಪುಟಗಳಿವೆ?” ಎಂದು ಗಣಕ ಕೇಂದ್ರದ ಹುಡುಗ ಫೋನ್ ಮಾಡಿ ಕೇಳಿದ. “ಅರವತ್ತು ಇರಬಹುದಪ್ಪ” ಎಂದೆ. ಪುಣ್ಯಾತ್ಮ ಅದನ್ನೇ ಬರೆದುಕೊಂಡ.

ನಮ್ಮದು ಕನ್ನಡ ಅಧ್ಯಯನ ವಿಭಾಗ. ತಾಣ ನಿಂತಿರುವುದು ಡ್ರೂಪಲ್ 7 ಎಂಬ ಜಾಲತಾಣ ನಿರ್ವಹಣಾ ತಂತ್ರಾಂಶದ ಮೇಲೆ. ಆ ಆವೃತ್ತಿಗೆ ಅಧಿಕೃತ ಬೆಂಬಲ 2025ರ ಜನವರಿ 5ಕ್ಕೇ ಮುಗಿದಿದೆ. ಎಲ್ಲ ವಿಭಾಗಗಳೂ ಅಂಥದ್ದೇ ಇನ್ನೊಂದು ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಹೋಗಬೇಕು, ಅದಕ್ಕೆ ಮುನ್ನ ಪ್ರತಿ ಹಳೆಯ ಪುಟದ ಮುಂದೆ ‘ಸಾಗಿಸು’, ‘ತಿದ್ದು’, ‘ಬಿಡು’ ಎಂದು ಬರೆದ ಪಟ್ಟಿ ಕೊಡಬೇಕು ಎಂದು ಸುತ್ತೋಲೆ ಬಂತು. ಹಿಂದೊಮ್ಮೆ ಪ್ರೊಜೆಕ್ಟರಿನ ತಂತಿ ಸರಿಪಡಿಸಿದ ತಪ್ಪಿಗೆ ಆ ಕೆಲಸ ನನ್ನ ಪಾಲಿಗೆ ಬಂತು.

ಎರಡು ದಿನ ನೋಟ್‌ಬುಕ್ ಹಿಡಿದು ಒಂದೊಂದೇ ಕೊಂಡಿ ಒತ್ತುತ್ತಾ ಕುಳಿತೆ. ಎಲ್ಲಿಂದ ಎಲ್ಲಿಗೆ ಬಂದೆ ಎಂಬುದೇ ತಪ್ಪಿಹೋಗುತ್ತಿತ್ತು. ಕೊನೆಗೆ ಆ ಹುಡುಗನೇ ಹೇಳಿದ ತಂತ್ರಾಂಶ ಸ್ಕ್ರೀಮಿಂಗ್ ಫ್ರಾಗ್ ಎಸ್‌ಇಒ ಸ್ಪೈಡರ್. ಇಂಗ್ಲೆಂಡಿನ ಕಂಪನಿಯೊಂದರದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೇಲಿನ ಚೌಕದಲ್ಲಿ ತಾಣದ ವಿಳಾಸ ಹಾಕಿ ಒತ್ತಿದರೆ ಮುಖಪುಟದಿಂದ ಹೊರಟು, ಕೊಂಡಿಯಿಂದ ಕೊಂಡಿಗೆ ಜೇಡದಂತೆ ಹರಿದು, ಕಂಡದ್ದನ್ನೆಲ್ಲ ಸಾಲಾಗಿ ಬರೆದಿಡುತ್ತದೆ. ಉಚಿತ ಆವೃತ್ತಿಗೆ 500 ವಿಳಾಸಗಳ ಮಿತಿ ಇದೆ.

ಮೊದಲ ಸಲ ಆ 500 ಕೆಲವೇ ನಿಮಿಷಗಳಲ್ಲಿ ಮುಗಿದುಹೋಯಿತು. ನೋಡಿದರೆ ತಪ್ಪು ನಮ್ಮದೇ. ಮುಖಪುಟದ ಮೂಲೆಯಲ್ಲಿ ‘ಕಾರ್ಯಕ್ರಮಗಳು’ ಎಂಬ ಪುಟ್ಟ ಕ್ಯಾಲೆಂಡರ್ ಇದೆ. ಅದರ ‘ಮುಂದಿನ ತಿಂಗಳು’ ಬಾಣವನ್ನು ಹಿಡಿದು ಹೊರಟ ಜೇಡ, ಒಂದು ವಿಚಾರ ಸಂಕಿರಣವೂ ಇಲ್ಲದ ತಿಂಗಳುಗಳನ್ನು ದಾಟುತ್ತಾ 2051ನೇ ಇಸವಿ ತಲುಪಿತ್ತು. ನನ್ನ ನಿವೃತ್ತಿಯಾಗಿ ಎಷ್ಟೋ ವರ್ಷಗಳಾಗಿರುವ ಕಾಲ ಅದು. ಕ್ಯಾಲೆಂಡರನ್ನು ತೆಗೆಸಿ ಮತ್ತೆ ಓಡಿಸಿದೆ. ಪಿಡಿಎಫ್, ಚಿತ್ರ ಎಲ್ಲ ಸೇರಿ 341 ಸಾಲುಗಳು ಬಂದವು.

ಈ ತಂತ್ರಾಂಶ ಹುಟ್ಟಿದ್ದು ಗೂಗಲ್ ಹುಡುಕಾಟದಲ್ಲಿ ಮೇಲೆ ಬರಲು ಹೆಣಗುವವರಿಗಾಗಿ. ಹಾಗಾಗಿ ಅರ್ಧಕ್ಕರ್ಧ ಅಂಕಣಗಳು ನಮಗೆ ಬೇಡದವು. ಆದರೆ ‘ಪೇಜ್ ಟೈಟಲ್ಸ್’ ಎಂಬ ಒಂದೇ ಒಂದು ಟ್ಯಾಬ್ ಇಡೀ ಕೆಲಸಕ್ಕೆ ದಾರಿ ತೋರಿಸಿತು. ಅದನ್ನು ಅಕ್ಷರಾನುಕ್ರಮಕ್ಕೆ ಹಾಕಿದಾಗ ಒಂದಿಷ್ಟು ಸಾಲುಗಳು ಮಾಂತ್ರಿಕನ ತಾಯಿತದ ಹಾಗೆ ಕಂಡವು: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಎ. ರೋಮನ್ ಚಿಹ್ನೆಗಳಿಗೆ ಕನ್ನಡದ ರೂಪ ತೊಡಿಸುವ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದವೇ ಅದು! ಯುನಿಕೋಡ್‌ಗೆ ಮುಂಚಿನ ಪುಟಗಳು ಹಳೆಯ ಕಡತಕೋಶದಲ್ಲಿ ಹಾಗೇ ಕುಳಿತಿದ್ದವು. ಒಳಗಿನ ಪಠ್ಯಕ್ಕೆ ಫಾಂಟಿನ ಆಸರೆ ಇರುವುದರಿಂದ ವಿಭಾಗದ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿಯೇ ಕಾಣುತ್ತಿತ್ತು. ಬ್ರೌಸರಿನ ನೆತ್ತಿಯ ಮೇಲಿನ ಶೀರ್ಷಿಕೆಗೆ ಆ ಆಸರೆ ಇಲ್ಲ. ಕನ್ನಡ ವಿಭಾಗದ ಪುಟಗಳ ನೆತ್ತಿಯ ಮೇಲೆ ಇಷ್ಟು ವರ್ಷ ಪೌಂಡ್ ಗುರುತು ನೇತಾಡುತ್ತಿದ್ದರೂ ಎಂಟು ಜನ ಅಧ್ಯಾಪಕರಲ್ಲಿ ಒಬ್ಬರೂ ತಲೆ ಎತ್ತಿ ನೋಡಿರಲಿಲ್ಲ. ಅಂಥ 38 ಪುಟಗಳ ಮುಂದೆ ‘ತಿದ್ದು’ ಎಂದು ಬರೆದೆ. ಯುನಿಕೋಡ್ ಪರಿವರ್ತಕಕ್ಕೆ ಹಾಕಿದ ಮೇಲೂ ಅರ್ಕಾವತ್ತು ಬಂದಲ್ಲೆಲ್ಲ ಕಣ್ಣಿಟ್ಟು ನೋಡಬೇಕು, ಅದು ಬೇರೆ ಮಾತು.

ಎರಡನೆಯ ಉಪಕಾರ ‘ಇನ್‌ಲಿಂಕ್ಸ್’. ಒಂದು ಸಾಲನ್ನು ಒತ್ತಿದರೆ, ಯಾವ ಯಾವ ಪುಟಗಳು ಅದರತ್ತ ಕೈ ತೋರಿಸುತ್ತಿವೆ ಎಂಬುದು ಪರದೆಯ ಕೆಳಗೆ ಬರುತ್ತದೆ. ‘ಸ್ಕ್ಯಾನ್ 0001 ಫೈನಲ್ ಫೈನಲ್ ನ್ಯೂ’ ಎಂಬ ಹೆಸರಿನ ಪಿಡಿಎಫ್ ಕಂಡಾಗ ಅಳಿಸಿಬಿಡೋಣ ಎನಿಸಿತ್ತು. ಒತ್ತಿ ನೋಡಿದರೆ ಪಿಎಚ್.ಡಿ. ಪ್ರಬಂಧಗಳ ಪುಟ, ಸಂಶೋಧನಾ ಮಾರ್ಗದರ್ಶಕರ ಪುಟ ಎರಡೂ ಅದನ್ನೇ ನೆಚ್ಚಿಕೊಂಡಿದ್ದವು. ಉನ್ನತ ಶಿಕ್ಷಣ ಸಂಸ್ಥೆಗಳ ಮೌಲ್ಯಮಾಪನ ಮಾಡುವ ನ್ಯಾಕ್‌ಗೆ ಸಲ್ಲಿಸಿದ ಸ್ವಯಂ ಅಧ್ಯಯನ ವರದಿಯಲ್ಲೂ ಇಂಥ ಕೊಂಡಿಗಳಿವೆ. ಅವು ಈ ಜೇಡಕ್ಕೆ ಕಾಣುವುದಿಲ್ಲ. ಹಾಗಾಗಿ ವರದಿಯಿಂದ ಕೈಯಾರೆ ಆಯ್ದು, ಪ್ರತಿ ಹಳೆಯ ವಿಳಾಸಕ್ಕೂ ಹೊಸದನ್ನು ಜೋಡಿಸಿ, ಹಳೆಯದನ್ನು ಒತ್ತಿದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ‘301 ಮರುನಿರ್ದೇಶನ’ದ ಪಟ್ಟಿ ಮಾಡಿದೆ.

ವಿಳಾಸದಲ್ಲಿ ಕನ್ನಡ ಇರಲಿ ಎಂದು ಮುಖ್ಯಸ್ಥರಿಗೆ ಆಸೆ. ಯಂತ್ರದ ಸಂಕೇತಕ್ಕೆ ಇಳಿದಾಗ ಒಂದೊಂದು ಕನ್ನಡ ಸಂಕೇತ 9 ಚಿಹ್ನೆಗಳಷ್ಟು ಹಿಗ್ಗುತ್ತದೆ. ಮೂರಕ್ಷರದ ‘ಕನ್ನಡ’ದಲ್ಲಿ ಒತ್ತಕ್ಷರ ಬಿಡಿಸಿದರೆ ಐದು ಸಂಕೇತಗಳು, ಹಾಗಾಗಿ ಅದು 45 ಚಿಹ್ನೆಗಳಾಗುತ್ತದೆ. ವರ್ಡ್‌ಪ್ರೆಸ್ ಪುಟದ ಹೆಸರಿಗೆ ಕೊಡುವುದು 200. ‘ಸ್ನಾತಕೋತ್ತರ ಪಠ್ಯಕ್ರಮ’ಕ್ಕೇ ಅದು ಮುಗಿಯುತ್ತಾ ಬರುತ್ತದೆ ಎಂದು ತೋರಿಸಿದ ಮೇಲೆ ಅವರು ಆ ಆಸೆ ಬಿಡಲು ಒಪ್ಪಿದರು.

ಕೊರತೆಯೆಂದರೆ, ಯಾವ ಪುಟದಿಂದಲೂ ಕೊಂಡಿ ಇಲ್ಲದ ಅನಾಥ ಪುಟಗಳು ಇದರ ಬಲೆಗೆ ಬೀಳುವುದಿಲ್ಲ. “ದತ್ತಿ ಉಪನ್ಯಾಸದ ಫೋಟೋಗಳು ಇದ್ದವಲ್ಲ ಮೇಡಂ, ಪಟ್ಟಿಯಲ್ಲಿ ಕಾಣಿಸುತ್ತಿಲ್ಲ” ಎಂದು ನಮ್ಮ ಅಟೆಂಡರ್ ಹೇಳಿದಾಗಲೇ ನನಗೆ ಹೊಳೆದದ್ದು. ಡ್ರೂಪಲ್ ಆಡಳಿತ ಪುಟದ ಪಟ್ಟಿಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಇನ್ನೂ 14 ಸಿಕ್ಕವು.

ಹಣ ಕೊಟ್ಟು ವಾರ್ಷಿಕ ಪರವಾನಗಿ ಕೊಳ್ಳಬೇಕೆ? ನಮ್ಮಂಥ ಒಂದು ವಿಭಾಗಕ್ಕೆ ಬೇಡ. ಗ್ರಂಥಾಲಯ, ಪರೀಕ್ಷಾಂಗದಂಥವರಿಗೆ 500 ಸಾಲದು, ಅವರು ಕೊಳ್ಳಲಿ. ಉಚಿತ ಆವೃತ್ತಿಯಲ್ಲಿ ಪಟ್ಟಿಯನ್ನು ಹಾಳೆಗೆ ಇಳಿಸಿಕೊಳ್ಳಬಹುದು, ಹರಿದಾಟವನ್ನು ಉಳಿಸಿಟ್ಟು ನಾಳೆ ಮತ್ತೆ ತೆರೆಯುವ ಹಾಗಿಲ್ಲ. ಗ್ರಂಥಾಲಯದವರು ಮೊನ್ನೆ ಒಂದು ದಿನದ ಮಟ್ಟಿಗೆ ನನ್ನ ಲ್ಯಾಪ್‌ಟಾಪ್ ಕೇಳಿದರು. ಕೊಡಲಿಲ್ಲ. ಸೋಮವಾರದಿಂದ ಅದನ್ನು ಆರಿಸಿಯೇ ಇಲ್ಲ.