ಎಂಡಿಎಫ್ ಹಪ್ಪಳ, ಕಬ್ಬಿಣದ ವಾಷರ್: ಹಳೇ ಸೀಸದ ಸಿಪಾಯಿಗಳಿಗೆ ಹೊಸ ಬೇಸ್

ಮೇಜಿನ ಮೇಲೆ ಯುದ್ಧದಾಟ ಆಡುವ ಪುಟ್ಟ ಸಿಪಾಯಿ ಗೊಂಬೆಗಳ ಕಾಲಡಿಗೆ ಅಂಟಿಸುವ ತುಂಡಿಗೆ ಬೇಸ್ ಅನ್ನುತ್ತಾರೆ. ಅದು ಯಾವುದರದ್ದಿರಬೇಕು ಅನ್ನುವುದರಲ್ಲಿ, ಮೊದಲೇ ಹೇಳಿಬಿಡುತ್ತೇನೆ, ನಾನು ವಾಷರ್ ಪಕ್ಷ. ನಟ್ಟು-ಬೋಲ್ಟಿನ ನಡುವೆ ಹಾಕುತ್ತಾರಲ್ಲ, ಅದೇ ಕಬ್ಬಿಣದ ಬಿಲ್ಲೆ. ಅದಕ್ಕಿಂತ ಅಂದವಾದ ಬೇಸ್‌ಗಳು ಬೇಕಾದಷ್ಟಿವೆ, ನಾನೂ ಕೊಂಡಿದ್ದೇನೆ. ಕೊಂಡು ಕೈ ಸುಟ್ಟುಕೊಂಡ ಮೇಲೇ ಇದನ್ನು ಬರೆಯುತ್ತಿರುವುದು.

ಸಿಪಾಯಿಗಳು ಬಂದದ್ದು ಇಂಗ್ಲೆಂಡಿನ ಲೆಸ್ಟರಿನಿಂದ. ಅಲ್ಲಿರುವ ನಮ್ಮ ಭಾವ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಶೂ ಡಬ್ಬಿ ತುಂಬ ಸೀಸದ ಗೊಂಬೆ ಕಂಡು, "ನಿನ್ನ ಹುಚ್ಚಿಗೆ ಇರಲಿ ಅಂತ ತಂದೆ" ಎಂದು ಸೂಟ್‌ಕೇಸಿನಿಂದ ತೆಗೆದುಕೊಟ್ಟರು. 1970ರ ದಶಕದ ಎರಕ, ಆಳೆತ್ತರ ಸುಮಾರು 25 ಎಂಎಂ. ಎಣಿಸಿದರೆ 84 ಕಾಲಾಳು, 12 ಕುದುರೆ. 1815ರಲ್ಲಿ ನೆಪೋಲಿಯನ್ ಸೋತ ವಾಟರ್ಲೂ ಯುದ್ಧದ ಕಾಲದ ಬ್ರಿಟಿಷರು. ಕೋಟೂ ಕೆಂಪು, ಹೆಚ್ಚಿನ ದಳಗಳಲ್ಲಿ ಬೇರೆ ಬಣ್ಣ ಇರುವ ಕಾಲರು-ತೋಳಪಟ್ಟಿಯೂ ಕೆಂಪು, ಅಂದರೆ ಬಣ್ಣ ಬಳಿದ ಪುಣ್ಯಾತ್ಮನ ಮನಸ್ಸಿನಲ್ಲಿ ಇದ್ದದ್ದು 33ನೇ ಪದಾತಿ ದಳವೇ ಇರಬೇಕು. ಅದನ್ನು ಕಂಡು ನನಗೆ ರೋಮಾಂಚನ. ಇದೇ ದಳ 1799ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಕೈಕೆಳಗೆ ಶ್ರೀರಂಗಪಟ್ಟಣಕ್ಕೆ ಬಂದು, ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ದಿಕ್ಕು ತಪ್ಪಿ ಟಿಪ್ಪುವಿನ ಕಡೆಯವರಿಂದ ಪೆಟ್ಟು ತಿಂದದ್ದು. ಸರಿ, ಇವರನ್ನು ಶ್ರೀರಂಗಪಟ್ಟಣದ ಆಟಕ್ಕೇ ಇಳಿಸೋಣ ಅಂದುಕೊಂಡೆ. ಮೈಸೂರಿನ ಗೆಳೆಯ ಫೋಟೋ ನೋಡಿದವನೇ "ಟೋಪಿ ನೋಡೋ ಮಾರಾಯ" ಅಂದ. ಹೌದು, ತಲೆ ಮೇಲಿನ ಶಾಕೋ, ಅಂದರೆ ಕೊಳವೆಯಂಥ ಎತ್ತರದ ಟೋಪಿ, ಬ್ರಿಟಿಷ್ ಕಾಲಾಳಿಗೆ ಬಂದದ್ದೇ 1800ರಲ್ಲಿ. ಹಾಗಾಗಿ ಇವರು ವಾಟರ್ಲೂಗೇ ಸೈ.

ಒಂದೊಂದು ಪ್ಲೈವುಡ್ ತುಂಡಿನ ಮೇಲೆ ನಾಲ್ಕು ಜನ, ಸುತ್ತ ಹೊಳೆಯುವ ಹಸಿರು ಪೇಂಟು. ತುಂಡಿನ ಮುಂಬದಿ 60 ಎಂಎಂ, ತಲಾ 15. ಆ ಕಾಲದ ಎಷ್ಟೋ ಆಟಗಾರರಿಗೆ ಇದೇ ಶಾಸ್ತ್ರ. ಪ್ಲೈವುಡ್ಡು ಪದರ ಬಿಟ್ಟಿತ್ತು, ಕೆಲವು ಬಂದೂಕುಗಳು ಮುರಿದಿದ್ದವು, ಏಳೆಂಟು ಜನರ ಕಾಲಿನ ಹತ್ತಿರ ಬೂಷ್ಟು ಬಂದ ಹಾಗೆ ಬಿಳಿ ಪುಡಿ.

ಬಿಡಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೂಪರ್ ಗ್ಲೂ ಹಾಕಿದ್ದವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಎರಡು ಗಂಟೆ ಫ್ರೀಜರಿಗೆ ಹಾಕಿದೆ. ಚಳಿಗೆ ಅಂಟು ಗಾಜಿನ ಹಾಗೆ ಪೆಡಸಾಗುತ್ತದೆ. ಹೊರಗೆ ತೆಗೆದ ತಕ್ಷಣ ಪಾದದಡಿ ಪುಟ್ಟಿ ಬ್ಲೇಡು ತೂರಿಸಿದರೆ "ಟಿಕ್" ಅಂತ ಬಿಡುತ್ತದೆ. ತಿರುಚಿದಿರೋ, ಕಣಕಾಲು ನಿಮ್ಮ ಕೈಗೆ. ನನ್ನ ಕೈಗೆ ಮೂರು ಜೊತೆ ಬಂದವು. ಸೀಸ ಸೀಸವೇ, ಆ ಡಬ್ಬಿ ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಕೈ ತೊಳೆಯದೆ ಕಾಫಿ ಮುಟ್ಟಲಿಲ್ಲ, ಒಣ ಉಜ್ಜುಕಾಗದವನ್ನು ಅವುಗಳ ಹತ್ತಿರ ತರಲಿಲ್ಲ.

ಬಣ್ಣವನ್ನು ಎಲ್ಲದರಿಂದಲೂ ಕೀಳಬೇಡಿ. ಐವತ್ತು ವರ್ಷದ ಹಿಂದೆ ಯಾರೋ ಕೂತು ಒಂದೊಂದು ಗುಂಡಿಗೂ ಚುಕ್ಕೆ ಇಟ್ಟಿದ್ದಾರೆ. ಅದನ್ನು ಕಿತ್ತು ನಾನು ಅದಕ್ಕಿಂತ ಕೆಟ್ಟದಾಗಿ ಬಳಿಯುವುದರಲ್ಲಿ ಏನು ಅರ್ಥ? ತೀರಾ ಹಾಳಾಗಿದ್ದ 22ನ್ನು ಮಾತ್ರ ಕಿತ್ತೆ. ಲೋಹಕ್ಕೆ ಅಸಿಟೋನ್ ಬೇಗ ಕೆಲಸ ಮಾಡುತ್ತದೆ, ವಾಸನೆಗೆ ತಲೆ ಸಿಡಿಯುತ್ತದೆ. ಡೆಟಾಲ್ ನಿಧಾನ, ಒಂದು ರಾತ್ರಿ ಬೇಕು, ಆದರೆ ಮನೆಯವರು ಬೈಯುವುದಿಲ್ಲ, ಆಸ್ಪತ್ರೆ ವಾಸನೆ ಅಂತಾರೆ ಅಷ್ಟೆ. ಅದರಿಂದ ತೆಗೆದದ್ದನ್ನು ನೇರವಾಗಿ ನಲ್ಲಿ ನೀರಿಗೆ ಹಿಡಿಯಬಾರದು, ಸಡಿಲಾದ ಬಣ್ಣವೆಲ್ಲ ಹಲಸಿನ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ಮೊದಲು ಡೆಟಾಲಿನಲ್ಲೇ ಹಳೇ ಟೂತ್‌ಬ್ರಷ್ ಹಾಕಿ ಉಜ್ಜಿ, ಆಮೇಲೆ ನೀರು. ಗೊತ್ತಿದ್ದೂ ಮರೆತದ್ದು ನನ್ನದೇ ತಪ್ಪು. ಬಂದೂಕಿನ ತುದಿಯ ಚೂರಿ, ಅಂದರೆ ಬಯೊನೆಟ್ಟು, ಮುರಿದಿದ್ದರೆ ಅದಕ್ಕೆ ದರ್ಜಿಯವರ ಗುಂಡುಪಿನ್ನು ಸಾಕು.

ಈಗ ಬೇಸ್.

ಮೊದಲ ಆಯ್ಕೆ ಎಂಡಿಎಫ್ ಹಲಗೆ. ಲೇಸರ್‌ನಲ್ಲಿ ಕತ್ತರಿಸಿಕೊಡುವ ಅಂಗಡಿಗೆ ಹೋಗಿ 2 ಎಂಎಂ ದಪ್ಪದ್ದು, 60×40 ಅಳತೆಗೆ, 21 ತುಂಡು ಮಾಡಿಸಿದೆ. ಮೂಲೆ ಚೂಪಾಗಿ, ಅಂಚು ಕಾಫಿಬಣ್ಣಕ್ಕೆ ಸುಟ್ಟು, ಎಷ್ಟು ಮುದ್ದಾಗಿದ್ದವು ಅಂದರೆ ಅರ್ಧ ಗಂಟೆ ಸುಮ್ಮನೆ ಜೋಡಿಸಿಕೊಂಡು ಕೂತಿದ್ದೆ. ಸೂಪರ್ ಗ್ಲೂ ಹಾಕಿ ನಾಲ್ಕು ನಾಲ್ಕು ಜನರನ್ನು ನಿಲ್ಲಿಸಿದೆ. ಫೆವಿಕಾಲಿಗೆ ನೀರು ಬೆರೆಸಿ ಮೇಲೆಲ್ಲ ಬಳಿದು, ಜರಡಿ ಹಿಡಿದ ಮರಳು ಉದುರಿಸಿ, ಒಣಗಲಿ ಅಂತ ಮಲಗಿದೆ. ಜುಲೈ ತಿಂಗಳು, ಹೊರಗೆ ಜಿಟಿಜಿಟಿ.

ಬೆಳಿಗ್ಗೆ ಎದ್ದು ನೋಡಿದರೆ ಹಪ್ಪಳ. ಮಾತಿಗೆ ಹೇಳುತ್ತಿಲ್ಲ. ಮಾಳಿಗೆ ಮೇಲೆ ಬಿಸಿಲಿಗೆ ಹಾಕಿದ ಹಪ್ಪಳ ಅಂಚೆತ್ತಿ ಸೊಟ್ಟಗಾಗುತ್ತದಲ್ಲ, 21 ತುಂಡೂ ಹಾಗೆ. ಮಧ್ಯ ಮೇಜಿಗೆ ತಾಗಿದೆ, ಎರಡು ತುದಿ 3 ಎಂಎಂ ಎದ್ದು ನಿಂತಿವೆ. ಒಂದು ತುದಿ ಮುಟ್ಟಿದರೆ ಇಡೀ ತುಕಡಿ ತೊಟ್ಟಿಲಿನ ಹಾಗೆ ತೂಗುತ್ತದೆ. ತುದಿಯಲ್ಲಿದ್ದವರು ಒಳಕ್ಕೆ ವಾಲಿ, ಬಂದೂಕು ಬಂದೂಕಿಗೆ ತಾಗಿ, ಏನೋ ಗುಟ್ಟು ಮಾತಾಡುತ್ತಿರುವ ಹಾಗಿದ್ದರು.

ಆಗುವುದು ಹೀಗೆ. ಎಂಡಿಎಫ್ ಅಂದರೆ ಮರದ ನಾರಿನ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ. ಮೇಲ್ಮೈ ಮಾತ್ರ ನೀರು ಕುಡಿದರೆ ಆ ಬದಿಯ ನಾರು ಉಬ್ಬುತ್ತದೆ, ಕೆಳಗಿನದು ಒಣಗಿಯೇ ಇರುತ್ತದೆ. ಆಮೇಲೆ ಫೆವಿಕಾಲಿನ ಪದರ ಒಣಗುತ್ತಾ ಕುಗ್ಗಿ ತುದಿಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ತುಂಡು ಚಿಕ್ಕದಿದ್ದರೆ ಗೊತ್ತೇ ಆಗುವುದಿಲ್ಲ. 20 ಎಂಎಂ ದುಂಡನೆಯದು ಸೊಟ್ಟಗಾದದ್ದನ್ನು ನಾನು ನೋಡಿಲ್ಲ. ಉದ್ದ ಜಾಸ್ತಿ, ದಪ್ಪ ಕಮ್ಮಿ ಇದ್ದರೆ ತಪ್ಪಿದ್ದಲ್ಲ.

ಸರಿಮಾಡಲು ಮಾಡದ ಕಸರತ್ತಿಲ್ಲ. ಕೆಳಬದಿಗೂ ನೀರು ಸವರಿದೆ. ಸ್ವಲ್ಪ ನೆಟ್ಟಗಾಯಿತು, ಆದರೆ ಅಂಚು ಊದಿ ಬಿಸ್ಕತ್ತು ಟೀಯಲ್ಲಿ ಅದ್ದಿದಂತಾಯಿತು. ಭಾರ ಹೇರೋಣ ಅಂದರೆ ಮೇಲೆ ಸಿಪಾಯಿಗಳು ನಿಂತಿದ್ದಾರೆ, ಹೇರುವುದೆಲ್ಲಿ? ನಾಲ್ಕು ತುಂಡನ್ನು ಮೇಜಿಗೆ ಕ್ಲಿಪ್ಪು ಹಾಕಿ ಎರಡು ದಿನ ಬಿಟ್ಟೆ, ಕ್ಲಿಪ್ಪು ತೆಗೆದ ಸಂಜೆಗೆ ಮತ್ತೆ ಅದೇ ಭಂಗಿ. ಕೊನೆಗೆ ಬುದ್ಧಿಗೆಟ್ಟು ಇಸ್ತ್ರಿಪೆಟ್ಟಿಗೆಯನ್ನು ತಲೆಕೆಳಗಾಗಿಟ್ಟು ಅದರ ಮೇಲೆ ಒಂದು ತುಂಡು ಒತ್ತಿಹಿಡಿದೆ. ಬೇಸ್ ನೆಟ್ಟಗಾಗುವ ಮೊದಲು ಸೂಪರ್ ಗ್ಲೂ ಸಡಿಲಾಗಿ ಇಬ್ಬರು ಕಳಚಿ ಬಿದ್ದರು. ಹೆಂಡತಿ ಬಂದು ನೋಡಿ, "ಅದೇ ಇಸ್ತ್ರಿಪೆಟ್ಟಿಗೇಲಿ ನನ್ನ ಸೀರೆ ಮುಟ್ಟಿದ್ರೆ ನೋಡಿ" ಅಂದಳು. ಅಲ್ಲಿಗೆ ಎಂಡಿಎಫ್ ಅಧ್ಯಾಯ ಮುಗಿಯಿತು. 84 ಜನರನ್ನೂ ಮತ್ತೆ ಫ್ರೀಜರಿಗೆ ಹಾಕಿ ಬಿಡಿಸಿದೆ.

ಬಿಡಿಸುವಾಗ ಹೊಳೆದ ಇನ್ನೊಂದು ಮಾತು ಆ ಬಿಳಿ ಪುಡಿಯದು. ಅದು ಬೂಷ್ಟಲ್ಲ, ಸೀಸದ ಕಾರ್ಬೊನೇಟ್. ಓಕ್‌ನಂಥ ಮರ, ಪ್ಲೈವುಡ್ಡು, ಎಂಡಿಎಫ್ ಇವೆಲ್ಲ ಅಸಿಟಿಕ್ ಆಮ್ಲದಂಥ ಆವಿಯನ್ನು ಒಂದಿಷ್ಟು ಬಿಡುತ್ತಲೇ ಇರುತ್ತವೆ. ಮುಚ್ಚಿದ ಡಬ್ಬಿಯಲ್ಲಿ, ತೇವದ ಹವೆಯಲ್ಲಿ ಅದು ಸೀಸವನ್ನು ತಿನ್ನುತ್ತದೆ. ಈಗಿನ ಪ್ಯೂಟರ್ (ತವರದ ಮಿಶ್ರಲೋಹ) ಗೊಂಬೆಗಳಿಗೆ ಈ ಚಿಂತೆಯಿಲ್ಲ, ಸೀಸ ಹೆಚ್ಚಿರುವ ಹಳೆಯವಕ್ಕೆ ಇದೆ. ಮಾಸ್ಕ್ ಹಾಕಿಕೊಂಡು ಪುಡಿಯನ್ನು ಒದ್ದೆ ಬ್ರಷ್ಷಿನಲ್ಲೇ ತೆಗೆದು, ಒಣಗಿಸಿ, ವಾರ್ನಿಷ್ ಹೊಡೆದೆ. ಇಂಥವರನ್ನು ತಿರುಗಿ ಎಂಡಿಎಫ್ ಮೇಲೆ ನಿಲ್ಲಿಸುವುದು ರೋಗಿಯನ್ನು ಅದೇ ಚರಂಡಿ ಪಕ್ಕ ಮಲಗಿಸಿದ ಹಾಗೆ.

ಪ್ಲಾಸ್ಟಿಕ್ ಬೇಸ್ ಬಗ್ಗೆ ಒಂದೇ ಸಾಲು: ಅಂಚಿನ ಅಂದದಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಹೊರದೇಶದಿಂದ ತರಿಸುವ ಖರ್ಚಿನಲ್ಲಿ ನನಗೆ ಇನ್ನೊಂದು ಪಟಾಲಮ್ಮೇ ಬರುತ್ತದೆ, ಮೇಲಾಗಿ ತಲೆಭಾರದ ಸೀಸದವನು ಅದರ ಮೇಲೆ ತೂಗಾಡುತ್ತಾನೆ.

ಒಂದು ರೂಪಾಯಿ ನಾಣ್ಯವನ್ನೂ ಯೋಚಿಸಿದ್ದೆ. ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಮೇಲೆ ಸಿಪಾಯಿ ನಿಲ್ಲಿಸುವವರು ಬಹಳ ಜನ. 1992ರಿಂದ ಅದರೊಳಗೆ ಉಕ್ಕು ಇರುವುದರಿಂದ ಆಯಸ್ಕಾಂತಕ್ಕೂ ಅಂಟುತ್ತದೆ. ನಮ್ಮ ಸ್ಟೀಲಿನ ರೂಪಾಯಿಯೂ ಅಂಟುತ್ತದೆ, 2011ರ ಮಾದರಿಯದರ ಅಗಲ ಸುಮಾರು 22 ಎಂಎಂ. ಅಮ್ಮ ಒಂದೇ ಮಾತು ಹೇಳಿದರು: "ಲಕ್ಷ್ಮಿಗೆ ಫೆವಿಕಾಲ್ ಬಳೀಬೇಡ." ಅಲ್ಲಿಗೆ ಮುಗಿಯಿತು.

ಹೀಗೆ ಕಲಾಸಿಪಾಳ್ಯದ ಕಡೆಯ ನಟ್ಟು-ಬೋಲ್ಟಿನ ಅಂಗಡಿಗೆ ಬಂದೆ. "ಎಂ8 ವಾಷರ್ ಕೊಡಿ" ಅಂದರೆ ಯಜಮಾನರು ತಲೆ ಎತ್ತದೆ "ಎಷ್ಟು ಕೆಜಿ?" ಅಂದರು. ನೂರು ಅಂದೆ. "ನೂರು ಕೆಜಿನಾ?" "ಇಲ್ಲ ಸಾರ್, ನೂರು ಪೀಸು." ಅವರ ಮುಖದಲ್ಲಿದ್ದ ಗೌರವ ಅಷ್ಟಕ್ಕೇ ಇಳಿಯಿತು. ಆದರೂ ತೂಗಿಕೊಟ್ಟರು. ಒಂದೊಂದು ಎರಡು ಗ್ರಾಮಿಗಿಂತ ತುಸು ಕಮ್ಮಿ, ನೂರಕ್ಕೆ ಕಾಲು ಕೆಜಿಯೂ ಇಲ್ಲ. ಎಂಡಿಎಫ್ ಕತ್ತರಿಸಿದ್ದಕ್ಕೆ ಕೊಟ್ಟದ್ದರಲ್ಲಿ ಕಾಲು ಭಾಗವೂ ಆಗಲಿಲ್ಲ.

ಎಂ8 ಅಂದರೆ 8 ಎಂಎಂ ಬೋಲ್ಟಿನ ವಾಷರ್, ಅದರ ಹೊರ ಅಗಲ 16 ಎಂಎಂ, ದಪ್ಪ 1.6. ಹಳೇ ಗೊಂಬೆಯ ಕಾಲಿನಡಿಯ ಎರಕದ ತುಂಡು ಅದರ ಮೇಲೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಅಧಿಕಾರಿಗೆ, ಬಾವುಟದವನಿಗೆ ಎಂ10 ತಂದೆ, ಅದು 20 ಎಂಎಂ. ನಡುವಿನ ತೂತಿನದೇ ತಕರಾರು, ಮರಳು ಹಾಕಿದರೆ ಅಲ್ಲೊಂದು ಗುಂಡಿ ಬೀಳುತ್ತದೆ. ಅದಕ್ಕೆ ಮನೆಯಲ್ಲಿ ರಾಶಿ ಬಿದ್ದಿದ್ದ ಲಗ್ನಪತ್ರಿಕೆಗಳು ಒದಗಿದವು. ದಪ್ಪ ಕಾರ್ಡನ್ನು ವಾಷರಿನ ಅಳತೆಗೆ ದುಂಡಗೆ ಕತ್ತರಿಸಿ ಸೂಪರ್ ಗ್ಲೂನಲ್ಲಿ ಅಂಟಿಸಿದೆ. ಅದರ ಮೇಲೆ ಸಿಪಾಯಿಯನ್ನು ಬರೀ ಫೆವಿಕಾಲಿನಲ್ಲಿ ಕೂರಿಸಿದೆ. ತೂತು ಮುಚ್ಚಲು ಮಾಡಿದ ಈ ಉಪಾಯ ಬೇರೆಯದಕ್ಕೂ ಆಯಿತು. ನಾಳೆ ಬೇಸ್ ಬದಲಿಸಬೇಕು ಅನ್ನಿಸಿದರೆ ಒಂದು ಗಂಟೆ ನೀರಲ್ಲಿಟ್ಟರೆ ಕಾರ್ಡು ಮೆತ್ತಗಾಗಿ ಸಿಪಾಯಿ ತಾನಾಗಿ ಕೈಗೆ ಬರುತ್ತಾನೆ. ಇಬ್ಬರ ಮೇಲೆ ಪರೀಕ್ಷೆ ಮಾಡಿ ನೋಡಿದ್ದೇನೆ. ಫ್ರೀಜರ್ ಬೇಡ, ಬ್ಲೇಡ್ ಬೇಡ, ಕಣಕಾಲು ಮುರಿಯುವ ಭಯ ಬೇಡ.

ಕರಿ ವಾಷರ್ ಬೇಡ, ಸತುವಿನ ಲೇಪ ಇರುವುದನ್ನೇ ಕೇಳಿ. ಮೊದಲ ಹತ್ತು ಕರಿಯವು. ಫೆವಿಕಾಲಿನ ನೀರಿಗೆ ತುಕ್ಕು ಹಿಡಿದು ಮರಳಿನ ಮೇಲೆಲ್ಲ ಅರಿಸಿನ-ಕುಂಕುಮದ ಕಲೆ ಎದ್ದಿತು. ಈಗ ಲೇಪ ಇರುವುದಕ್ಕೂ ಒಂದು ಕೈ ಪ್ರೈಮರ್ ಹೊಡೆದೇ ಶುರುಮಾಡುತ್ತೇನೆ.

ಇನ್ನೊಂದು ಕೊರತೆ ಅಳತೆಯದು. ನಾಲ್ಕು ವಾಷರ್ ಸಾಲಾಗಿಟ್ಟರೆ 64 ಎಂಎಂ, ಶಾಸ್ತ್ರದ 60 ಅಲ್ಲ. ಪಂದ್ಯಕ್ಕೆ ಹೋಗುವವರಿಗೆ ಇದು ದೊಡ್ಡ ಮಾತು. ನಾನು ಆಡುವುದು ಮೈಸೂರಿನ ಗೆಳೆಯನ ಊಟದ ಮೇಜಿನ ಮೇಲೆ. ನಾಲ್ಕು ಎಂಎಂಗೆ ಅವನು ಜಗಳ ತೆಗೆದರೆ ಮುಂದಿನ ಸಲ ಧಾರವಾಡ ಪೇಡ ತರುವುದಿಲ್ಲ.

ಸಾಲಾಗಿ ನಡೆಸಲು ತೆಳು ಅಕ್ರಿಲಿಕ್ ಹಾಳೆಗೆ ರಬ್ಬರ್ ಆಯಸ್ಕಾಂತದ ಹಾಳೆ ಅಂಟಿಸಿ ಟ್ರೇ ಮಾಡಿಕೊಂಡೆ. ವಾಷರ್ ಹತ್ತಿರ ತಂದರೆ "ಟಕ್" ಅಂತ ಹಿಡಿಯುತ್ತದೆ. ಆಟದಲ್ಲಿ ಒಬ್ಬ ಸತ್ತರೆ ಅವನೊಬ್ಬನನ್ನೇ ತೆಗೆಯಬಹುದು, ನಾಲ್ವರ ತುಂಡಿನ ಪಕ್ಕ ಚೀಟಿ ಇಟ್ಟು ಲೆಕ್ಕ ಹಿಡಿಯಬೇಕಿಲ್ಲ. ಡಬ್ಬಿಯ ತಳಕ್ಕೂ ಅದೇ ಹಾಳೆ. ಬೆಂಗಳೂರಿನ ಹಂಪುಗಳ ಮೇಲೆ ಸ್ಕೂಟರಿನಲ್ಲಿ ರೈಲ್ವೆ ಸ್ಟೇಷನ್ನಿಗೆ, ಅಲ್ಲಿಂದ ಮೈಸೂರಿಗೆ ಒಯ್ದು ಮುಚ್ಚಳ ತೆಗೆದರೆ ಎಲ್ಲರೂ ನಿಂತಲ್ಲೇ ನಿಂತಿದ್ದರು. ಒಬ್ಬ ಡ್ರಮ್ಮಿನವನ ಕೋಲು ಮಾತ್ರ ಬಗ್ಗಿತ್ತು.

ನಿಯಮಪುಸ್ತಕ ಬದಲಾಯಿಸುವ ಚಟ ನಿಮಗಿಲ್ಲ, ಸಿಪಾಯಿಗಳು ಗಾಜಿನ ಬೀರುವಿನಲ್ಲೇ ಇರುತ್ತಾರೆ, ಗೊಂಬೆಗಳು ಹೊಸ ಪ್ಯೂಟರಿನವು ಅಂದರೆ ಎಂಡಿಎಫ್ ತಗೊಳ್ಳಿ, ಆದರೆ 3 ಎಂಎಂ ದಪ್ಪದ್ದು, ಎರಡೂ ಬದಿಗೆ ಮೊದಲೇ ವಾರ್ನಿಷ್ ಹೊಡೆದು. ನನಗೆ ಎರಡು ವರ್ಷಕ್ಕೊಮ್ಮೆ ಹೊಸ ನಿಯಮದ ಹುಚ್ಚು ಹತ್ತುತ್ತದೆ, ನಿಯಮ ಬದಲಾದರೆ ಬೇಸಿನ ಅಳತೆಯೂ ಬದಲಾಗಬಹುದು. ಬಿಚ್ಚಿ ಕಟ್ಟಲು ಬರುವುದೇ ನನಗೆ ಬೇಕು.

ಕುದುರೆಗಳಿಗೆ ಮಾತ್ರ ವಾಷರ್ ಕೈಕೊಟ್ಟಿತು. ಕುದುರೆ ಉದ್ದ, ವಾಷರ್ ದುಂಡು. ಮುಂಗಾಲು ಹೊರಗೆ, ಬಾಲ ಹೊರಗೆ. ಆ 12ಕ್ಕೆ ಬೇರೆ ದಾರಿ ಕಾಣದೆ 25×50ರ ಎಂಡಿಎಫನ್ನೇ ತಂದಿದ್ದೇನೆ, 3 ಎಂಎಂದು. ಎರಡೂ ಬದಿಗೆ ವಾರ್ನಿಷ್ ಆಗಿದೆ. ಈ ಸಲ ಕುದುರೆ ನಿಲ್ಲಿಸುವ ಮೊದಲೇ ಮರಳು ಹಾಕಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ ಅಮ್ಮನ ಚಟ್ನಿ ಗುಂಡುಕಲ್ಲು ಹೇರಿಟ್ಟಿದ್ದೇನೆ. ಭಾನುವಾರದ ದೋಸೆಗೆ ಅದು ವಾಪಸ್ ಬೇಕಂತೆ.