ವಾಷಿಂಗ್ ಮೆಷಿನ್ ನೀರು ಬಿಡ್ತಿಲ್ಲವಾ? ಮೊಬೈಲ್‌ನಲ್ಲಿ ಸಿಕ್ಕ ನಂಬರ್‌ಗೆ ಫೋನ್ ಮಾಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡುವುದು ಒಂದು ಸಹಕಾರ ಸಂಘದಲ್ಲಿ. "ಹುಡುಕಿದಾಗ ಸಿಗುವ ಕಸ್ಟಮರ್ ಕೇರ್ ನಂಬರ್‌ಗಳನ್ನು ನಂಬಬೇಡಿ" ಅನ್ನುವ ನೋಟಿಸನ್ನು ಕೌಂಟರ್ ಪಕ್ಕದ ಗೋಡೆಗೆ ಅಂಟಿಸಿದವಳೂ ನಾನೇ. ಅದಕ್ಕೇ ಇದನ್ನು ಬರೆಯಲು ಇಷ್ಟು ದಿನ ನಾಚಿಕೆ ಆಯಿತು. ಈಗ ನಾಚಿಕೆಗಿಂತ ಸಿಟ್ಟೇ ಜಾಸ್ತಿ ಆಗಿದೆ.

ನಮ್ಮ ಮನೆ ಶಿವಮೊಗ್ಗದ ಗೋಪಾಳದಲ್ಲಿ. ಪುನರ್ವಸು ಮಳೆ ಹಿಡಿದ ವಾರ. ಬಟ್ಟೆ ಒಣಗುವುದಿರಲಿ, ಒಣಗಿದ ಬಟ್ಟೆಯೇ ಮುಗ್ಗಲು ವಾಸನೆ ಹೊಡೆಯುವ ಕಾಲ. ಅಂಥದ್ದರಲ್ಲಿ ಮೆಷಿನ್ ಅರ್ಧಕ್ಕೆ ನಿಂತಿತು. ಒಳಗೆ ನೀರು, ಬಾಗಿಲು ಲಾಕ್, ಮಗಳ ಎರಡು ಜೊತೆ ಯೂನಿಫಾರ್ಮೂ ಒಳಗೇ. ಪರದೆ ಮೇಲೆ ಎರಡಕ್ಷರ ಮಿನುಗುತ್ತಿತ್ತು. ಅದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ ಬರುತ್ತದಂತೆ, ಓಇ, 5ಸಿ, ಇ18 ಅಂತೆಲ್ಲ. ಅರ್ಥ ಮಾತ್ರ ಒಂದೇ, ನೀರು ಹೊರಗೆ ಹೋಗುತ್ತಿಲ್ಲ ಅಂತ. ಇದೆಲ್ಲ ನನಗೆ ಗೊತ್ತಾಗಿದ್ದು ದುಡ್ಡು ಹೋದ ಮೇಲೆ.

ಕಂಪನಿ ಹೆಸರು ಹಾಕಿ ಹುಡುಕಿದೆ. ಮೇಲೇ ಒಂದು ನಂಬರ್ ಬಂತು. ಎತ್ತಿದವನು ಎಷ್ಟು ಮರ್ಯಾದೆಯಿಂದ ಮಾತಾಡಿದ ಅಂದರೆ! "ಹೌದು ಮೇಡಂ, ಸರ್ವೀಸ್ ಸೆಂಟರೇ. ವಿಸಿಟಿಂಗ್ ಚಾರ್ಜ್ 450. ಒಂದು ಗಂಟೆಯಲ್ಲಿ ಹುಡುಗನನ್ನ ಕಳಿಸ್ತೀನಿ." ಆ ಮಳೆಯಲ್ಲಿ ಒಂದೇ ಗಂಟೆಗೆ ಬರ್ತೀನಿ ಅಂದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಬಂದವನು ಮೆಷಿನ್ ಸುತ್ತ ಒಮ್ಮೆ ಟಾರ್ಚ್ ಬಿಟ್ಟ. "ಹಳೇ ಬಿಲ್ ಇದ್ದರೆ ತನ್ನಿ, ಪಾರ್ಟ್ಸ್‌ಗೆ ಡಿಸ್ಕೌಂಟ್ ಸಿಗಬಹುದು" ಅಂದ. ನಾನು ಬೀರು ಕೆದಕುತ್ತಾ ಕಾಲು ಗಂಟೆ ಒಳಗಿದ್ದೆ. ಬಿಲ್ ಸಿಕ್ಕಿತು, 2018ರದ್ದು. ಹೊರಗೆ ಬರುವಷ್ಟರಲ್ಲಿ ಎರಡು ಬಕೆಟ್ ಕಪ್ಪು ನೀರು ತುಂಬಿತ್ತು, ಬಾಗಿಲು ತೆರೆದಿತ್ತು. ಅವನ ಕೈಯಲ್ಲಿ ಒಂದು ಕರಿ ಪಂಪ್. "ನೋಡಿ ಮೇಡಂ, ನಿಮ್ಮ ಡ್ರೈನ್ ಪಂಪ್ ಸುಟ್ಟುಹೋಗಿತ್ತು. ಹೊಸದು ಹಾಕಿದೀನಿ. ವಾಸನೆ ನೋಡಿ ಬೇಕಾದ್ರೆ."

ನಾನು ನೋಡಿದೆ. ಅದನ್ನು ಮೂಗಿನ ಹತ್ತಿರ ಹಿಡಿದು, ಮೂಸಿ, "ಹೌದು, ಸುಟ್ಟ ವಾಸನೆ" ಅಂದೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅದು ನಮ್ಮ ಮೆಷಿನ್ನಿನ ಪಂಪೇ ಅಲ್ಲ. ಯಾರ ಮನೆಯದ್ದೋ, ಅವನ ಚೀಲದಲ್ಲಿ ಮನೆಯಿಂದ ಮನೆಗೆ ತಿರುಗುವ ಪಂಪ್. ಎಷ್ಟು ಜನ ಅದನ್ನು ಮೂಸಿದ್ದಾರೋ!

ಪಂಪಿಗೆ 2,900. ಬೋರ್ಡಿಗೂ ನೀರು ತಾಗಿದೆ, ಸರಿ ಮಾಡಿದೀನಿ ಅಂತ 1,500. ವಿಸಿಟಿಂಗ್ 450. ಒಟ್ಟು 4,850. ಹಳೇ ಪಂಪ್ ಇಲ್ಲೇ ಇರಲಿ ಅಂದೆ. "ಅದು ಕಂಪನಿಗೆ ವಾಪಸ್ ಹೋಗಬೇಕು ಮೇಡಂ." ಸ್ಕ್ಯಾನ್ ಮಾಡಿದಾಗ ಕಂಪನಿ ಹೆಸರಲ್ಲ, ಯಾರದೋ ವ್ಯಕ್ತಿಯ ಹೆಸರು ಬಂತು. ಆಗಲೂ ಪಿನ್ ಒತ್ತಿದೆ. ದಿನಾ ಬೇರೆಯವರ ದುಡ್ಡು ಎಣಿಸುವವಳು ನಾನು.

ಹನ್ನೊಂದನೇ ದಿನ ಮತ್ತೆ ಅದೇ ಎರಡಕ್ಷರ.

ಈ ಸಲ ಪಕ್ಕದ ಮನೆ ಹುಡುಗ ಬಂದ. ಪಾಲಿಟೆಕ್ನಿಕ್ ಓದುತ್ತಾನೆ. "ಅಕ್ಕಾ, ಕೆಳಗಿನ ಚಿಕ್ಕ ಬಾಗಿಲು ತೆಗೆದು ನೋಡಿದ್ರಾ?" ಅಂದ. ಚಿಕ್ಕ ಬಾಗಿಲಾ? ಏಳು ವರ್ಷದಿಂದ ಅದರ ಮುಂದೆ ಬಟ್ಟೆ ಬುಟ್ಟಿ ಇಟ್ಟಿದ್ದೆ. ಪ್ಲಗ್ ತೆಗೆಸಿದ. ಆ ಬಾಗಿಲ ಹಿಂದೆ ಬೆರಳು ಗಾತ್ರದ ಪೈಪೊಂದು ಇತ್ತು, ಅದರ ಬಿರಡೆ ತೆಗೆದು ತಟ್ಟೆಗೆ ನೀರು ಬಿಟ್ಟ. ತಟ್ಟೆ ತುಂಬಿದ ಹಾಗೆ ಚೆಲ್ಲುತ್ತಾ ಹೋದೆ, ಎಂಟು ಸಲ ಆಯಿತು. ಆಮೇಲೆ ಫಿಲ್ಟರ್ ತಿರುಗಿಸಿ ಎಳೆದ. ಕೂದಲು, ನೂಲು, ಒಂದು ಪಿನ್ನು. ಅದರ ಹಿಂದೆ ಪಂಪಿನ ಪುಟ್ಟ ರೆಕ್ಕೆ. ಬೆರಳಲ್ಲಿ ತಿರುಗಿಸಿದರೆ ತಡೆದು ತಡೆದು ತಿರುಗಬೇಕಂತೆ, ಒಳಗೆ ಅಯಸ್ಕಾಂತ ಇರುತ್ತದೆ. ಇದು ಅಲುಗಲೇ ಇಲ್ಲ. ರೆಕ್ಕೆಗೆ ಅಡ್ಡವಾಗಿ ಏನೋ ಸಿಕ್ಕಿಕೊಂಡಿತ್ತು. ಎಳೆದರೆ ಅಡಿಕೆ ಹೋಳು!

ನಮ್ಮ ಮಾವನವರ ಜೇಬಿನದ್ದು, ಬೇರೆ ಯಾರದ್ದೂ ಅಲ್ಲ. ಒಂದು ಹೋಳಿಗೆ 4,850 ಶಿವಮೊಗ್ಗ ಮಂಡಿಯಲ್ಲೂ ಯಾರೂ ಕೊಟ್ಟಿರಲಿಕ್ಕಿಲ್ಲ.

ಅದನ್ನಾದರೂ ಸಹಿಸಬಹುದಿತ್ತು. ಹುಡುಗ ಮೆಷಿನ್ ಸ್ವಲ್ಪ ಓರೆ ಮಾಡಿ ಅಡಿಯಿಂದ ಟಾರ್ಚ್ ಬಿಟ್ಟ. "ಅಕ್ಕಾ, ಹೊಸ ಪಂಪ್ ಹಾಕಿದಾರೆ ಅಂದ್ರಲ್ಲ?" ಪಂಪಿನ ಮೇಲೆ ಏಳು ವರ್ಷದ ಧೂಳು, ಜೇಡರ ಬಲೆ. ಸ್ಟಿಕ್ಕರಿನಲ್ಲಿ 2018. ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಆ ರಿಪೇರಿಯವನು ನೀರು ಬಿಟ್ಟು, ಮೇಲಿನ ಕಸ ತೆಗೆದಿದ್ದಾನೆ, ಅಷ್ಟೇ. ಹೋಳು ಕಾಣಲಿಲ್ಲವೋ, ಇನ್ನೊಂದು ಸಲ ಕರೆಯಲಿ ಅಂತ ಬಿಟ್ಟನೋ!

ಫೋನ್ ಮಾಡಿದೆ, ಕಟ್ ಮಾಡಿದ. ಮೆಸೇಜ್ ಹಾಕಿದೆ. ಅವನ ಉತ್ತರಗಳನ್ನು ಹಾಗೇ ಕೊಡುತ್ತೇನೆ.

"ಮೇಡಂ ನೀವು ಬಟ್ಟೆ ಜಾಸ್ತಿ ತುಂಬ್ತೀರ."

ಪಂಪ್ ಬದಲಾಯಿಸಿಲ್ಲ, ಫೋಟೋ ಇದೆ ಅಂದೆ. "ಅದು ಹೊಸ ಪಂಪೇ ಮೇಡಂ, ಮಳೆಗಾಲದಲ್ಲಿ ಬೇಗ ಧೂಳು ಹಿಡಿಯುತ್ತೆ." ಮಳೆಗಾಲದಲ್ಲಿ ಧೂಳು! ಅದೂ ಮಲೆನಾಡಿನಲ್ಲಿ!

2018 ಅಂತ ಬರೆದಿದೆಯಲ್ಲ ಅಂದೆ. "ಅದು ಮಾಡೆಲ್ ನಂಬರ್."

ಕಂಪನಿಗೆ ದೂರು ಕೊಡ್ತೀನಿ ಅಂದೆ. ಇದಕ್ಕೆ ಮಾತ್ರ ತಕ್ಷಣ ಉತ್ತರ ಬಂತು: "ಕೊಡಿ ಮೇಡಂ. ನಾವು ಕಂಪನಿಯವರು ಅಂತ ಯಾವಾಗ ಹೇಳಿದ್ವಿ? ಸರ್ವೀಸ್ ಸೆಂಟರ್ ಅಂದ್ವಿ. ನೀವೇ ಅಂದ್ಕೊಂಡ್ರಿ." ಅವನು ಕೊಟ್ಟ ಬಿಲ್ ತೆಗೆದು ನೋಡಿದೆ. ನಿಜ, ಅದರಲ್ಲಿ ಕಂಪನಿ ಹೆಸರಿಲ್ಲ. ಅಂಗಡಿ ಹೆಸರಿಲ್ಲ, ವಿಳಾಸವಿಲ್ಲ, ಜಿಎಸ್‌ಟಿ ನಂಬರೂ ಇಲ್ಲ. "ಸರ್ವೀಸ್ ಸೆಂಟರ್" ಅನ್ನುವ ರಬ್ಬರ್ ಸ್ಟ್ಯಾಂಪ್ ಒಂದೇ. ಆಮೇಲೆ ಬ್ಲಾಕ್ ಮಾಡಿದ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅವನ ವಿಳಾಸವೇ ಇಲ್ಲದಿರುವಾಗ ಏನಾಗುತ್ತದೋ ನೋಡಬೇಕು. ನೀವಾದರೂ ಯಾರನ್ನೇ ಕರೆಯುವ ಮೊದಲು ಆ ಚಿಕ್ಕ ಬಾಗಿಲು ತೆಗೆಯಿರಿ. ಬಿಸಿ ನೀರಲ್ಲಿ ಒಗೆಯಲು ಹಾಕಿದ್ದರೆ ನೀರು ಆರಿದ ಮೇಲೆ ತೆಗೆಯಿರಿ. ಹಿಂದಿನ ಪೈಪ್ ಗೋಡೆಗೆ ಒತ್ತಿ ಮಡಚಿದೆಯಾ, ಅದರ ತುದಿ ಚರಂಡಿ ನೀರಲ್ಲಿ ಮುಳುಗಿದೆಯಾ ನೋಡಿ. ಅಷ್ಟಾದರೂ ಸರಿಹೋಗದಿದ್ದರೆ ಮೆಷಿನ್ ಜೊತೆ ಬಂದ ಪುಸ್ತಕದಲ್ಲಿರುವ ನಂಬರ್‌ಗೇ ಮಾಡಿ. ರಿಪೇರಿಯವನು ಬಿಲ್ ತನ್ನಿ, ಕಾಫಿ ತನ್ನಿ ಅಂದರೆ ಸುಮ್ನೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಡಿ. ಹಳೇ ಪಾರ್ಟ್ ನಿಮ್ಮ ಕೈಗೆ ಬರದೆ ದುಡ್ಡು ಕೊಡಬೇಡಿ. ಅದನ್ನು ಮೂಸಲೂ ಬೇಡಿ.

ಮಾವನವರು ಈಗ ಅಂಗಿ ಒಗೆಯಲು ಹಾಕುವ ಮೊದಲು ಜೇಬನ್ನು ತಿರುವಿ ನನಗೆ ತೋರಿಸುತ್ತಾರೆ. ಪಾಪ, ಅವರಿಗೆ ಮೊತ್ತ ಇನ್ನೂ ಹೇಳಿಲ್ಲ.

ನಿನ್ನೆ ಸಹೋದ್ಯೋಗಿಯ ಫೋನಿನಿಂದ ಅದೇ ನಂಬರ್‌ಗೆ ಮಾಡಿದೆ. ಬೇರೆ ಕಂಪನಿಯ ಹೆಸರು ಹೇಳಿ, ಸರ್ವೀಸ್ ಸೆಂಟರಾ ಅಂತ ಕೇಳಿದೆ. "ಹೌದು ಮೇಡಂ." ಇನ್ನೊಂದು ಕಂಪನಿಯ ಫ್ರಿಜ್ ಅಂದೆ. "ಅದೂ ನಾವೇ ಮೇಡಂ." ವಿಸಿಟಿಂಗ್ ಚಾರ್ಜ್ ಈಗ 500 ಅಂತೆ.